ವ್ಯಾಪಕ ಪ್ರಚಾರ

ಸುಂಕಪ್ಪ ಮೈಕಿನ ಆಟೋ ಓಡಿಸಲು ಶುರುಮಾಡಿ ಹದಿನೆಂಟು ವರ್ಷ. ಸಂಡೂರು ಸೀಮೆಯಲ್ಲಿ ಅವನ ದನಿ ಕೇಳದ ಕಿವಿಯಿಲ್ಲ. ಸೀರೆ ಅಂಗಡಿಯ ಜಾಹೀರಾತು, ಎಲೆಕ್ಷನ್ ಪ್ರಚಾರ, ಕಣ್ಣಿನ ಶಿಬಿರ, ಕಳೆದುಹೋದ ಎಮ್ಮೆ, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಅವನ ಅಪ್ಪ ಹಲಗೆ ಬಡಿದು ಡಂಗುರ ಸಾರುತ್ತಿದ್ದವನು. "ಮಂದಿ ಮನ್ಯಾಗಿದ್ದಾಗ ಸಾರಬೇಕಲೇ. ಗ್ವಾಡಿಗೆ ಸಾರಿದ್ರ ಗ್ವಾಡಿ ಎದ್ದು ಬರತದೇನು?" ಎನ್ನುತ್ತಿದ್ದ. ಆ ಮಾತನ್ನು ಸುಂಕಪ್ಪ ಒಂದೇ ಒಂದು ದಿನ ಮೀರಿದ, ಅದೂ ತನ್ನ ಅಕ್ಕನ ಊರಿನಲ್ಲಿ.

ಅದಿರು ಕಂಪನಿಯೊಂದರ ಏಜೆಂಟ್ ಹೊನ್ನೂರುಸ್ವಾಮಿ ಪ್ರಕಟಣೆಯ ಕಾಗದ ಹಿಡಿದು ಬಂದಿದ್ದ. ಕಾಗದದ ತುಂಬ ಸರ್ವೆ ನಂಬರು, ಕಲಮು, ಉಪಕಲಮು. ತಕರಾರು ಇದ್ದವರು ಹದಿನೈದು ದಿನದೊಳಗೆ ಬರೆದುಕೊಡಬೇಕಂತೆ. ಚೋರನೂರಿನ ಆಚೆಗಿನ ಅಕ್ಕನ ಊರಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕೂಗಬೇಕಂತೆ.

"ಶೇಂಗಾ ಕೀಳೋ ಟೈಮ್ ಸ್ವಾಮಿ, ಓಣ್ಯಾಗ ಒಂದು ನರಪಿಳ್ಳಿ ಇರಂಗಿಲ್ಲ. ಸಂಜಿಗೆ ಹೋಗೂನು," ಎಂದ ಸುಂಕಪ್ಪ.

"ಪ್ರಚಾರ ಆಗೇತಂತ ಕಚೇರಿಗೆ ವಿಡಿಯೋ ಕೊಡಬೇಕು, ಸಂಜಿಗೆ ಅದು ಕ್ಲಿಯರ್ ಬರಂಗಿಲ್ಲ. ಮೂರು ಸುತ್ತು ಹಾಕು, ಮುಗೀತು. ನಿನಗ್ಯಾಕ ಊರ ಉಸಾಬರಿ?"

ಯಾವ ಜಮೀನು, ಯಾರದು ಎಂದು ಕೇಳುವುದು ಸುಂಕಪ್ಪನ ರೂಢಿ. ಅವತ್ತು ಕೇಳಲಿಲ್ಲ. ಬೇರೆ ಊರಿನ ಕೆಲಸ ಕಾಯುತ್ತಿತ್ತು. ಕಾಗದದಲ್ಲಿದ್ದದ್ದನ್ನು ಇದ್ದ ಹಾಗೇ ಒದರಿ ಗಾಡಿ ತಿರುಗಿಸಿದ.

ತಿಂಗಳಾಗುವಷ್ಟರಲ್ಲಿ ಊರ ಗೋಮಾಳದ ಸುತ್ತ ಕಂಪನಿಯ ಕಲ್ಲುಕಂಬ ಎದ್ದವು. ಸುಂಕಪ್ಪನ ಅಕ್ಕ ದುರ್ಗಕ್ಕನ ಮೂವತ್ತು ಕುರಿ ಮೇಯುತ್ತಿದ್ದ ಜಾಗವದು. ಗಂಡ ಸತ್ತ ಮೇಲೆ ಆ ಕುರಿಗಳೇ ಅವಳ ಮನೆ ನಡೆಸಿದ್ದು. ಅಕ್ಕ ಫೋನಿನಲ್ಲಿ ಅತ್ತಾಗ ಸುಂಕಪ್ಪ ಬೆಂಕಿಯಾದ. ತಾನು ಅವತ್ತು ಒದರಿದ ಸರ್ವೆ ನಂಬರು ಇದೇ ಜಾಗದ್ದೆಂದು ಅವನಿಗೆ ಹೊಳೆಯಲೇ ಇಲ್ಲ. "ಊರಿಗೆ ತಿಳಿಸದ ಹೆಂಗ ಕೊಟ್ಟರು? ನಡೀ, ನಾನೂ ಬರ್ತೀನಿ!" ಎಂದು ಊರವರ ಜೊತೆ ತಾಲ್ಲೂಕು ಕಚೇರಿಗೆ ಹೋಗಿ ಎಲ್ಲರಿಗಿಂತ ಜೋರಾಗಿ ಕೂಗಾಡಿದ.

ಅಧಿಕಾರಿ ಶಾಂತವಾಗಿ ಫೈಲ್ ತೆರೆದರು. "ವ್ಯಾಪಕ ಪ್ರಚಾರ ಆಗಿದೆ. ಒಬ್ಬರೂ ತಕರಾರು ಕೊಟ್ಟಿಲ್ಲ. ನೋಡಿ ಬೇಕಾದ್ರೆ," ಎಂದು ಕಂಪ್ಯೂಟರಿನ ಪರದೆ ಇತ್ತ ತಿರುಗಿಸಿದರು.

ಬೀಗ ಹಾಕಿದ ಮನೆಗಳು. ಬಿಸಿಲು. ತಿಪ್ಪೆ ಕೆದರುವ ಎರಡು ಕೋಳಿ. ನಡುವೆ ಸುಂಕಪ್ಪನ ಆಟೋ, ಸುಂಕಪ್ಪನ ದನಿ.

ದುರ್ಗಕ್ಕ ನಿಧಾನವಾಗಿ ತಿರುಗಿದಳು. "ಯಾರಿಗೆ ಹೇಳಿದ್ಯೋ ತಮ್ಮಾ? ಕೋಳಿಗೇನು?"

ಸುಂಕಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಕಂಪನಿಯ ಪರವಾಗಿ ಬಂದು ಮೂಲೆಯಲ್ಲಿ ಹಲ್ಲು ಕಿಸಿಯುತ್ತಿದ್ದ ಹೊನ್ನೂರುಸ್ವಾಮಿಯ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಆದರೆ ಅದಕ್ಕಿಂತ ಹೆಚ್ಚಿನ ಸಿಟ್ಟು ತನ್ನ ನಾಲಿಗೆಯ ಮೇಲೇ ಬಂತು. ಇಡೀ ಸೀಮೆ ನಂಬಿದ ನಾಲಿಗೆ ಅದು. ಅದನ್ನೇ ಸಾಕ್ಷಿ ಮಾಡಿ ಊರಿನ ಕುತ್ತಿಗೆ ಕೊಯ್ದಿದ್ದರು, ಕೊಯ್ಯಲು ಕೊಟ್ಟವನು ತಾನೇ.

"ಸಾಹೇಬ್ರೆ, ಆ ಮೈಕಿನವ ನಾನೇ ರೀ. ನನ್ನ ಹೇಳಿಕಿ ಬರಕೊಳ್ರಿ."

ಹೊನ್ನೂರುಸ್ವಾಮಿ ದಡಬಡಿಸಿ ಹತ್ತಿರ ಬಂದ. "ಹುಚ್ಚಾ, ಇನ್ನ ಮ್ಯಾಲ ಯಾರು ಕೆಲಸ ಕೊಡ್ತಾರ ನಿನಗ? ನಿನ್ನ ಅನ್ನಕ್ಕ ನೀನ ಮಣ್ಣು ಹಾಕ್ಕೋತೀಯೇನು?"

"ನಮ್ಮಕ್ಕನ ಅನ್ನಕ್ಕ ಆಗಲೇ ಹಾಕೀನಲ್ಲ, ಸರಿಯಾತು ತಗೋ."

ಅಧಿಕಾರಿ ಹಾಳೆ ಎಳೆದುಕೊಂಡು, ಏನಂತ ಬರೆಯಲಿ ಎಂದು ಕೇಳಿದರು.

"ಓಣ್ಯಾಗ ಯಾರೂ ಇರಲಿಲ್ಲ, ಗೊತ್ತಿದ್ದೂ ಕೂಗಿದೆ ಅಂತ ಬರೀರಿ."

ಅಧಿಕಾರಿಯ ಪೆನ್ನು ಅಲ್ಲೇ ನಿಂತಿತು. "‘ಗೊತ್ತಿದ್ದೂ’ ಅನ್ನೋದು ಬೇಡಪ್ಪ. ನಿನಗೇ ತೊಂದರೆ ಆಗುತ್ತೆ."

"ಅದನ್ನ ಮೊದಲು ಬರೀರಿ," ಎಂದ ಸುಂಕಪ್ಪ.