ಹನ್ನೊಂದು ನಲವತ್ತಕ್ಕೆ ಬದಲಾದ ಫೈಲು

2007ರ ಯುಗಾದಿಯ ಹೊತ್ತಿಗೆ ಪಕ್ಕದ ಕೋಣೆಯಿಂದ ತನ್ಮಯಿಯ ನಗು ಕೇಳಿಸಿದರೆ ಸಾಕು, ರುದ್ರೇಶನ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

ಬಸವೇಶ್ವರನಗರದ ಆ ರಕ್ತಪರೀಕ್ಷೆಯ ಲ್ಯಾಬಿಗೆ ಅವನು ಒಂಬತ್ತು ವರ್ಷದ ಹಿಂದೆ ವೈರಿಂಗ್ ಕೆಲಸಕ್ಕೆಂದು ಬಂದಿದ್ದ. ಗೋಡೆ ಕೊರೆದು ಕೇಬಲ್ ಎಳೆದವನು ಅಲ್ಲೇ ಉಳಿದ. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪುಸ್ತಕ ಓದಿ ಲಿನಕ್ಸ್ ಕಲಿತ, ಲ್ಯಾಬಿನ ಸರ್ವರನ್ನು ತಾನೇ ಕಟ್ಟಿ ನಿಲ್ಲಿಸಿದ. ಕಂಪ್ಯೂಟರ್ ಕೆಮ್ಮಿದರೂ ಒಡತಿ ಡಾಕ್ಟರ್ ಅನಂತಲಕ್ಷ್ಮಿ "ರುದ್ರೇಶಾ" ಎಂದು ಕೂಗುತ್ತಿದ್ದರು. ಆರು ತಿಂಗಳಿಂದ ಆ ಕೂಗು "ತನ್ಮಯೀ" ಎಂದಾಗಿತ್ತು. ಎಂಜಿನಿಯರಿಂಗ್ ಮುಗಿಸಿ ಬಂದ ಹುಡುಗಿ. ಡಾಕ್ಟರು ತಮ್ಮ ಫ್ಲಾಸ್ಕಿನ ಕಾಫಿಯನ್ನೂ ಅವಳಿಗೆ ಬಗ್ಗಿಸಿ ಕೊಡುತ್ತಿದ್ದರು. ಒಂಬತ್ತು ವರ್ಷದಲ್ಲಿ ರುದ್ರೇಶನಿಗೆ ಆ ಫ್ಲಾಸ್ಕಿನ ಮುಚ್ಚಳವೂ ಸಿಕ್ಕಿರಲಿಲ್ಲ.

"ದಿನಾ ಹತ್ತು ಸಲ ಆ ಹುಡುಗಿ ಹೆಸರು ತಗೀತೀರಿ. ಊಟ ಹೆಂಗ ಸೇರಬೇಕು ನಿಮಗ?" ಎಂದು ಲಗ್ಗೆರೆಯ ಮನೆಯಲ್ಲಿ ಹೆಂಡತಿ ಚೇತನಾ ಕೇಳಿದ್ದಳು. ಅವನು ಎದ್ದು ಕೈ ತೊಳೆದಿದ್ದ.

ಹೊಸ ಬ್ರಾಡ್‌ಬ್ಯಾಂಡ್ ಲೈನನ್ನು ಸರ್ವರಿಗೆ ಜೋಡಿಸುವ ಕೆಲಸ ಇಬ್ಬರೂ ಸೇರಿ ಮಾಡಬೇಕೆಂದು ಮಾತಾಗಿತ್ತು. ಆದರೆ ಯುಗಾದಿಗೆ ತನ್ಮಯಿ ಅಜ್ಜಿಯ ಮನೆಗೆ ಹೋಗಿದ್ದಾಗ, ಲ್ಯಾಬಿಗೆ ರಜೆ ಇದ್ದರೂ, ರುದ್ರೇಶ ಒಬ್ಬನೇ ಬಂದು ಕೂತ. ಮಧ್ಯಾಹ್ನ ಮೂರು ನಲವತ್ತಕ್ಕೆ ಲೈನು ಜೀವ ಪಡೆಯಿತು. ಡಾಕ್ಟರಿಗೆ ಫೋನ್ ಮಾಡಿ "ಆಗೋಯ್ತು ಮೇಡಂ, ನಾನೇ ಮುಗಿಸ್ದೆ" ಎಂದ. ಆ ರಾತ್ರಿ ಹೋಳಿಗೆ ರುಚಿಯಾಗಿತ್ತು.

ಮರುದಿನ ಒಂಬತ್ತಕ್ಕೆ ಅವನು ಲ್ಯಾಬಿಗೆ ಬಂದಾಗ ರಿಪೋರ್ಟುಗಳು ಪ್ರಿಂಟ್ ಆಗುತ್ತಿರಲಿಲ್ಲ. ಲ್ಯಾಬಿನ ಒಳಗಿನ ಪ್ರಿಂಟರು, ಯಂತ್ರಗಳಿಗೆಲ್ಲ ಒಂದೊಂದು ಹೆಸರಿತ್ತು. ಆ ಹೆಸರು ಯಾವ ವಿಳಾಸದ್ದೆಂದು ಸರ್ವರು ಯಾರನ್ನು ಕೇಳಬೇಕು ಎಂಬುದು ಒಂದು ಸಣ್ಣ ಫೈಲಿನಲ್ಲಿ ಬರೆದಿರುತ್ತದೆ. ಅಲ್ಲಿ ಲ್ಯಾಬಿನ ಸ್ವಂತ ಡಿಎನ್‌ಎಸ್‌ನ, ಅಂದರೆ ಹೆಸರಿಗೆ ವಿಳಾಸ ಹೇಳುವ ಕಂಪ್ಯೂಟರಿನ, ನಂಬರ್ ಹೋಗಿ, ಯಾವುದೋ ಹೊರಗಿನ ನಂಬರ್ ಕೂತಿತ್ತು. ಹೊರಗಿನವನಿಗೆ ಮನೆಯೊಳಗಿನ ಕೋಣೆಗಳ ಹೆಸರು ಹೇಗೆ ಗೊತ್ತಿರಬೇಕು? ರುದ್ರೇಶ ಹಳೆಯ ನಂಬರ್ ಬರೆದ. ಪ್ರಿಂಟರು ಓಡಿತು. ಹತ್ತಕ್ಕೆ ಮತ್ತೆ ನಿಂತಿತು. ನೋಡಿದರೆ ಅದೇ ಹೊರಗಿನ ನಂಬರ್! ಮತ್ತೆ ತಿದ್ದಿದ.

ಸರ್ವರಿನ ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೇ. ಯಾರು ಯಾವಾಗ ಒಳಗೆ ಬಂದರೆಂಬ ಪಟ್ಟಿಯನ್ನು ಪ್ರಿಂಟ್ ತೆಗೆದ. ಬೆಳಗ್ಗೆ ಏಳು ಇಪ್ಪತ್ತು, ತನ್ಮಯಿ. ಅವನ ಎದೆಯಲ್ಲಿ ಎದ್ದದ್ದು ಸಿಟ್ಟಲ್ಲ, ಖುಷಿ. ಒಂಬತ್ತರ ಮೇಲೂ ಫೈಲು ಬದಲಾದದ್ದಕ್ಕೆ ಆ ಸಮಯ ಹೊಂದುತ್ತದೋ ಎಂದು ಯೋಚಿಸದೆ, ಅವನು ಆ ಹಾಳೆಯನ್ನು ಹಿಡಿದುಕೊಂಡು ನೇರ ಡಾಕ್ಟರ ಕೋಣೆಗೆ ಹೋದ.

ಹನ್ನೊಂದೂವರೆಗೆ ಅವರು ತನ್ಮಯಿಯನ್ನು ಕರೆಸಿದರು.

"ಬೆಳಗ್ಗೆ ಸರ್ವರ್‌ಗೆ ಹೋಗಿದ್ಯಾ?"

"ಹೂಂ ಮೇಡಂ, ಬ್ಯಾಕಪ್ ಆಗಿದ್ಯಾ ನೋಡೋಕೆ. ಬೇರೆ ಏನೂ ಮುಟ್ಟಿಲ್ಲ."

"ಹಂಗಾದ್ರೆ ಫೈಲು ತಾನಾಗೇ ಬದಲಾಯ್ತಾ?" ಎಂದ ರುದ್ರೇಶ. "ನಾನು ಮಾಡಿದ ಕೆಲಸ ಕೆಡಿಸಿದ್ರೆ ನಿಮಗೆ ಹೆಸರು ಬರುತ್ತೆ ಅಂತ ತಾನೇ?"

ತನ್ಮಯಿಯ ಕಣ್ಣು ತುಂಬಿತು. "ಹಂಗೆಲ್ಲ ಮಾತಾಡ್ಬೇಡಿ ಸಾರ್" ಎಂದಳು. ಹದಿನೈದು ನಿಮಿಷ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ ಡಾಕ್ಟರು, "ಸದ್ಯಕ್ಕೆ ಸರ್ವರ್ ರುದ್ರೇಶನೇ ನೋಡ್ಲಿ, ನೀನು ಮುಟ್ಬೇಡ" ಎಂದರು.

ಗೆದ್ದವನಂತೆ ಅವನು ಹಿಂತಿರುಗಿದ. ಪ್ರಿಂಟರು ಮತ್ತೆ ನಿಂತಿತ್ತು. ಫೈಲು ಬದಲಾದ ಸಮಯ ನೋಡಿದ. ಹನ್ನೊಂದು ನಲವತ್ತು. ಆ ಹೊತ್ತಿಗೆ ತನ್ಮಯಿ ಅವನ ಮುಂದೆಯೇ ದುಪಟ್ಟಾದ ತುದಿ ಹಿಡಿದು ನಿಂತಿದ್ದಳು.

ಅವನು ಸಮಯವನ್ನು ಇನ್ನೊಮ್ಮೆ ಓದಿದ. ಸರ್ವರು ತಾನಾಗಿಯೇ ಬರೆದಿಡುವ ದಿನಚರಿ ತೆರೆದು ನೋಡಿದ. ಏಳು ನಲವತ್ತು, ಒಂಬತ್ತು ನಲವತ್ತು, ಹನ್ನೊಂದು ನಲವತ್ತು; ಹಿಂದಕ್ಕೆ ಹೋದರೆ ನಿನ್ನೆ ಮಧ್ಯಾಹ್ನದ ಮೂರು ನಲವತ್ತರ ತನಕ ಎರಡೆರಡು ಗಂಟೆಗೊಮ್ಮೆ ಬ್ರಾಡ್‌ಬ್ಯಾಂಡಿನ ಹೊಸ ಮೋಡೆಮ್ ಸರ್ವರಿಗೆ ವಿಳಾಸ ಕೊಡುತ್ತಿತ್ತು, ಜೊತೆಗೆ ತನ್ನ ಡಿಎನ್‌ಎಸ್ ನಂಬರನ್ನೂ ಆ ಫೈಲಿಗೆ ಬರೆಸುತ್ತಿತ್ತು. ಹಾಗೆ ಮಾಡೆಂದು ಸೆಟ್ಟಿಂಗ್ ಇಟ್ಟವನು ಅವನೇ, ರಜೆಯ ದಿನದ ಅವಸರದಲ್ಲಿ. ಈ ಫೈಲನ್ನು ಯಾವ ಪ್ರೋಗ್ರಾಂ ಬರೆಯಿತು ಎಂದು ಫೈಲಿನ ಮೊದಲ ಸಾಲೇ ಹೇಳುತ್ತಿತ್ತು. ಅವನು ಪ್ರತಿಸಲ ಆ ಸಾಲನ್ನು ದಾಟಿ ಹೋಗಿದ್ದ. ಹುಡುಕುತ್ತಿದ್ದದ್ದು ಪ್ರೋಗ್ರಾಮಿನ ಹೆಸರನ್ನಲ್ಲವಲ್ಲ.

ಸದ್ದಿಲ್ಲದೆ ಸರಿಮಾಡಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂತು, ಸ್ವಲ್ಪ ಹೊತ್ತು ಕೂತೂ ಇತ್ತು. ಗಾಜಿನಾಚೆ ತನ್ಮಯಿ ಕೌಂಟರಿನಲ್ಲಿ ರಿಪೋರ್ಟುಗಳನ್ನು ಕೈಯಲ್ಲೇ ಬರೆದುಕೊಡುತ್ತಿದ್ದಳು. ಸುಂಕದಕಟ್ಟೆಯಿಂದ ಬಂದ ಮುನಿರಾಮಯ್ಯ ಎಂಬ ಸಕ್ಕರೆ ಕಾಯಿಲೆಯ ಮುದುಕರು ಬೆಳಗಿನಿಂದ ಕಾದು ಸುಸ್ತಾಗಿದ್ದರು. ಅವಳು ಮೂಗು ಒರೆಸಿಕೊಂಡು, "ಇನ್ನೈದೇ ನಿಮಿಷ ತಾತ" ಎನ್ನುತ್ತಿದ್ದಳು.

ರುದ್ರೇಶ ಎದ್ದುಹೋಗಿ ಡಾಕ್ಟರ ಮುಂದೆ ಎಲ್ಲ ಹೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೊತ್ತಿಲ್ದೆ ತಪ್ಪು ಮಾಡಿದ್ದಕ್ಕೆ ಬೇಜಾರಿಲ್ಲ ಕಣಪ್ಪ," ಎಂದರು ಆಮೇಲೆ. "ಆ ಹುಡುಗಿನ ಅಳಿಸಿದ್ಯಲ್ಲ. ಹೋಗು, ನನಗಲ್ಲ ಹೇಳೋದು."

ಕೌಂಟರಿನಲ್ಲಿ ನಾಲ್ಕು ಜನ ರೋಗಿಗಳ ಎದುರೇ ಅವನು, "ತಪ್ಪು ನಂದು. ನಾನಿಟ್ಟ ಸೆಟ್ಟಿಂಗಿಂದ ಆ ಮೋಡೆಮ್ಮೇ ಫೈಲು ಬದಲಾಯಿಸ್ತಿತ್ತು. ಹೊಟ್ಟೆಕಿಚ್ಚಿಗೆ ನಿಮ್ಮ ಮೇಲೆ ಹಾಕ್ದೆ" ಎಂದ.

ತನ್ಮಯಿ ತಲೆ ಎತ್ತಲಿಲ್ಲ. "ಒಂದು ಮಾತು ನನ್ನನ್ನೇ ಕೇಳಿದ್ರೆ ಆಗ್ತಿತ್ತಲ್ಲ ಸಾರ್" ಎಂದಷ್ಟೇ ಹೇಳಿ, ಕೈಯಲ್ಲಿದ್ದ ರಿಪೋರ್ಟು ಮುಗಿಸಿ, ಸರ್ವರಿನ ಕೋಣೆಗೆ ಬಂದಳು. ನಿಂತುಕೊಂಡೇ, ಮೋಡೆಮ್ಮಿನ ನಂಬರನ್ನು ಫೈಲಿಗೆ ಬರೆಯಬೇಡವೆಂಬ ಒಂದೇ ಸಾಲನ್ನು ಸೆಟ್ಟಿಂಗಿನಲ್ಲಿ ಸೇರಿಸಿದಳು. ಹಳೆಯ ನಂಬರನ್ನು ಮತ್ತೆ ಬರೆದಳು. ಒಂದು ನಲವತ್ತಾಯಿತು, ಮೂರು ನಲವತ್ತಾಯಿತು, ಫೈಲು ಅಲುಗಲಿಲ್ಲ.

ಅಂಥದ್ದೊಂದು ಸಾಲಿದೆಯೆಂದು ರುದ್ರೇಶನಿಗೆ ಗೊತ್ತೇ ಇರಲಿಲ್ಲ. ಇಷ್ಟೆಲ್ಲ ಆದಮೇಲೂ ಒಳಗೆ ಕೆಂಡ ಚುರ್ ಎಂದಿತು. ಅದು ಅಷ್ಟು ಸುಲಭಕ್ಕೆ ಆರುವಂಥದ್ದಲ್ಲ ಎಂದು ಅವನಿಗೆ ಅರ್ಥವಾಯಿತು. ಆದರೂ ಸಂಜೆ ಅವಳು ಬ್ಯಾಗು ಎತ್ತಿಕೊಳ್ಳುವ ಮೊದಲು, ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಕೇಳಿದ:

"ಆ ಸಾಲು ಎಲ್ಲಿ ಹಾಕಿದ್ರಿ, ಒಂಚೂರು ತೋರಿಸ್ತೀರಾ?"

ತನ್ಮಯಿ ಗಡಿಯಾರ ನೋಡಿದಳು. ಕುರ್ಚಿಯಲ್ಲಿ ಕೂರಲಿಲ್ಲ, ಆದರೆ ತೋರಿಸಿದಳು.