ಕಾಜಾ ತಿರುಗಿದ ತಾರೀಖು

ಬಿಸಿಲುಗಾಲ, ಬೆಳಿಗ್ಗೆ ಹತ್ತೂವರೆ ಗಂಟೆ. ಪಿಂಚಣಿ ಕಚೇರಿಯ ಗುಮಾಸ್ತ ಭಾವನ ಅರ್ಜಿಯನ್ನು ಮೇಜಿನ ಮೇಲೆ ಸರಿಸಿ, "ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕ್ಕೊಂಡಿದ್ದೀರಲ್ಲ ಸ್ವಾಮಿ" ಎಂದ.

ಭಾವ ನನ್ನ ಅಕ್ಕನ ಗಂಡ, ಕೋಟು ಹೊಲಿಯುವ ದರ್ಜಿ. ಅದೇ ಅಂಗಡಿಯಲ್ಲಿ ನನ್ನದು ಇಸ್ತ್ರಿ ಕೆಲಸ. ಅವನ ಬಲಗೈ ಮರಗಟ್ಟಿ ಸೂಜಿ ಹಿಡಿಯದಂತಾಗಿತ್ತು. ಕೈ ಎಂದು ಕೆಟ್ಟಿತು ಎಂದು ಕೇಳಿದ ಕಡೆ, ಅಂಗಡಿ ಬಿಟ್ಟ ದಿನವನ್ನೇ ಬರೆದಿದ್ದ: ಮೇ ಎಂಟು. ನಮ್ಮ ಅಂಗಡಿಯ ವಿಮೆ ಮಾರ್ಚ್ ಕೊನೆಗೇ ಮುಗಿದಿತ್ತು.

"ವಿಮೆ ಇದ್ದಾಗ ಕೈ ಹೋಗಿದ್ರೆ ಪಿಂಚಣಿ. ಆಮೇಲೆ ಹೋಗಿದ್ರೆ ಏನೂ ಇಲ್ಲ" ಎಂದ ಗುಮಾಸ್ತ.

"ಅಯ್ಯೋ, ಜನವರೀಲೇ ಹೋಯ್ತು!" ಅಕ್ಕ ಬಾಯಿಬಿಟ್ಟಳು.

"ಸುಮ್ನಿರೇ" ಎಂದ ಭಾವ.

"ಮೇವರೆಗೂ ಇವರೇ ಹೊಲಿದಿದ್ದಾರೆ ಅಂತ ಅಂಗಡಿಯವರು ಬರೆದುಕೊಟ್ಟಿದ್ದಾರಲ್ಲಮ್ಮ?"

ನಿಜ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಕತ್ತರಿಸಿದ ಬಟ್ಟೆಯನ್ನು ಭಾವ ಮನೆಗೆ ತರುತ್ತಿದ್ದ, ಅಕ್ಕ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದಳು. ಅವಳು ಎಡಚಿ. ಗುಂಡಿ ತೂರಿಸುವ ಕಾಜಾದ ಕೊನೆಯ ಗಂಟು ಭಾವನದು ಬಲಕ್ಕೆ, ಅವಳದು ಎಡಕ್ಕೆ ಬೀಳುತ್ತದೆ, ಇಸ್ತ್ರಿ ಮಾಡುವವನ ಬೆರಳಿಗೆ ಅದು ತಿಳಿಯುತ್ತದೆ. ಗಿರಾಕಿಗೆ ಕೋಟು ಕೊಡುವ ತಾರೀಖನ್ನು ಬಟ್ಟೆಯ ಪಟ್ಟಿಯ ಮೇಲೆ ಬರೆದು ಒಳಜೇಬಿನಲ್ಲಿ ಹೊಲಿಯುವುದು ನಮ್ಮ ಅಂಗಡಿಯ ಪದ್ಧತಿ.

"ಎರಡು ದಿನ ಕೊಡಿ ಸ್ವಾಮಿ" ಎಂದೆ.

ಜನವರಿಯಿಂದ ಹೊಲಿಸಿಕೊಂಡ ಗಿರಾಕಿಗಳ ಹತ್ತಿರ ಹೋಗಿ ಕೋಟು ಕೇಳಿದರೆ ಯಾರೂ ಕೊಡಲಿಲ್ಲ, ನಾವೇ ಬರುತ್ತೇವೆ ಎಂದರು. ಮೂರನೇ ದಿನ ಆ ಉರಿಬಿಸಿಲಿನಲ್ಲಿ ಹನ್ನೊಂದು ಗಂಡಸರು ಉಣ್ಣೆಕೋಟು ತೊಟ್ಟು ಕಚೇರಿಯಲ್ಲಿ ಸಾಲಾಗಿ ನಿಂತರು. ನಮ್ಮ ಅಂಗಡಿಯ ಧಣಿಯೂ ಇದ್ದರು. ನೆಲದ ಮೇಲೆ ಬೆವರು ತೊಟ್ಟಿಕ್ಕುತ್ತಿತ್ತು.

"ಇದಕ್ಕಿಂತ ನನ್ನ ಒಲೆ ಮುಂದೇನೇ ತಂಪು ಕಣಯ್ಯ!" ಎಂದ ಸಾಲಿನಲ್ಲಿದ್ದ ಬೇಕರಿಯವನು.

ಕಚೇರಿಯ ಡಾಕ್ಟರಿಗೆ ಗಂಟಿನ ಗುಟ್ಟು ಹೇಳಿದೆ. ಅವರು ಕನ್ನಡಕ ಏರಿಸಿ ಒಬ್ಬೊಬ್ಬರ ಒಳಜೇಬಿನ ತಾರೀಖು ಓದಿ, ಎದೆಯ ಕಾಜಾಕ್ಕೆ ಮೂಗು ತಾಗಿಸಿ ನೋಡುತ್ತಾ ಹೋದರು. "ಜನವರಿ ಹನ್ನೆರಡು, ಬಲ. ಹದಿನಾರು, ಬಲ. ಇಪ್ಪತ್ತು... ಎಡ!"

ಗುಮಾಸ್ತನೇ ಚಪ್ಪಾಳೆ ತಟ್ಟಿದ. ಮುಂದಿನದೆಲ್ಲ ಎಡ. ಸಾಲು ಕುಣಿಯುವುದೊಂದು ಬಾಕಿ.

"ತಡೀರಿ" ಎಂದರು ಡಾಕ್ಟರು. "ಬೇರೆ ಯಾರೋ ಹೊಲಿದ್ರು, ಸರಿ. ಯಾಕೆ ಅಂತ ಇವರೇ ಹೇಳ್ಬೇಕು."

ಎಲ್ಲರೂ ಭಾವನತ್ತ ತಿರುಗಿದರು. ಅವನ ಕೈಹೊಲಿಗೆ ಎಂದರೆ ಊರಿಗೆಲ್ಲ ಹೆಸರು. ಅವನು ಫ್ಯಾನು ನೋಡಿದ, ಚಪ್ಪಲಿ ನೋಡಿದ.

"ಜನವರಿ ಹದಿನೇಳಕ್ಕೆ ಸೂಜಿ ಕೈಜಾರಿತು. ಎತ್ತೋಕಾಗ್ಲಿಲ್ಲ. ಆಮೇಲಿನ ಕೋಟೆಲ್ಲ ಇವಳದು."

ಸಾಲಿನಲ್ಲಿದ್ದ ಕಹಳೆ ಊದುವವನು ತೋಳೆತ್ತಿ, "ಅದಕ್ಕೇ ಈ ಸಲ ಹೆಗಲು ಸರಿಯಾಗಿ ಕೂತಿದೆ!" ಎಂದ.

ಕಚೇರಿಗೆ ಕಚೇರಿಯೇ ಬಿದ್ದು ಬಿದ್ದು ನಕ್ಕಿತು. ಭಾವನೂ ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಡಾಕ್ಟರು ಮೇ ಎಂಟನ್ನು ಹೊಡೆದುಹಾಕಿ ಜನವರಿ ಹದಿನೇಳು ಎಂದು ಬರೆದು ಸಹಿ ಮಾಡಿದರು.

"ಅಮ್ಮಾ, ಕದ್ದುಮುಚ್ಚಿ ಹೊಲಿದದ್ದು ಸಾಕು. ಅಂಗಡಿಗೇ ಬನ್ನಿ" ಎಂದರು ಧಣಿ.

"ಮನೇಲಿ ಅಡುಗೆ ಯಾರು ಮಾಡ್ತಾರೆ?"

"ನಂಗೆ ಎಡಗೈ ಇಲ್ವೇನೇ?" ಎಂದ ಭಾವ.

ಪಿಂಚಣಿ ಮಂಜೂರಾದ ಕಾಗದ ಶುಕ್ರವಾರ ಬಂತು. ಸೋಮವಾರ ಬೆಳಿಗ್ಗೆ ಅಕ್ಕ ಅಂಗಡಿಗೆ ಹೊರಟಳು.