ಹಿಂದಿನಿಂದ ಬರುವ ಅಲೆ

ಅಂಗೈಯ ಗೀರು ಇವತ್ತೂ ಮಾಸಿರಲಿಲ್ಲ. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಓರೆಯಾಗಿ ಎಳೆದ ಕೆಂಪು ಗೆರೆ. ಬಚ್ಚಲುಮನೆಯ ಕನ್ನಡಿಯ ಮುಂದೆ ಹಲ್ಲುಜ್ಜುತ್ತ, ಯಾರಾದರೂ ಕೇಳಿದರೆ ಬಿಸಿ ಪಾತ್ರೆ ತಾಗಿತು ಅನ್ನಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬಿಸಿ ಪಾತ್ರೆ ಅಂಗೈಯನ್ನು ಹೀಗೆ ಗೆರೆ ಹೊಡೆದ ಹಾಗೆ ಸುಡುವುದಿಲ್ಲವಲ್ಲ ಅನ್ನಿಸಿದ ಕೂಡಲೇ ಬೇರೆ ನೆಪ ಹುಡುಕತೊಡಗಿದಳು. ಈವರೆಗೆ ಯಾರೂ ಕೇಳಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ, ಅವತ್ತಿನಿಂದ ಅವಳು ಮುಷ್ಟಿ ಬಿಗಿದುಕೊಂಡೇ ಓಡಾಡುತ್ತಿದ್ದಳು.

"ಒಳಗೇ ನಿದ್ದೆ ಹೋದ್ಯೇನೇ?" ಅಕ್ಕ ಬಾಗಿಲು ತಟ್ಟಿದಳು. "ನಿಮ್ಮ ಭಾವ ಟವೆಲ್ಲನ್ನ ಬಾವುಟದ ಹಾಗೆ ಹಿಡ್ಕೊಂಡು ಕಾವಲು ನಿಂತಿದಾರೆ."

ಓದು ಮುಗಿಸಿ ಕೆಲಸ ಸಿಕ್ಕಿದ ಮೇಲೆ ಅವಳು ಅಕ್ಕನ ಮನೆಯಲ್ಲೇ ಉಳಿದಿದ್ದಳು. ಭಾವ ಯುದ್ಧನೌಕೆಯ ಎಂಜಿನ್ ಕೋಣೆಯಲ್ಲಿ ಮೆಕ್ಯಾನಿಕ್. ಅದೇ ನೌಕೆಯ ಮಾದರಿಯನ್ನು ನೀರಿನ ತೊಟ್ಟಿಯಲ್ಲಿ ಓಡಿಸಿ ನೋಡುವ ಪ್ರಯೋಗಾಲಯದಲ್ಲಿ ಇವಳು ಸಹಾಯಕಿ. ಅವರು ದೊಡ್ಡ ಹಡಗಿನ ಹೊಟ್ಟೆಯೊಳಗೆ, ಇವಳು ಸಣ್ಣ ಹಡಗಿನ ದಡದಲ್ಲಿ ಎಂದು ಅಕ್ಕ ನಗುತ್ತಿದ್ದಳು.

ತಿಂಡಿಗೆ ಕೂತಾಗ ಭಾವ ಶುರುಮಾಡಿದರು. "ಏನಮ್ಮ ಪಿಸುಮಾತು, ನಿಮ್ಮ ಬಚ್ಚಲುತೊಟ್ಟಿಯಲ್ಲಿ ನಮ್ಮ ಹಡಗು ಪಾಸಾಯ್ತಂತೆ?"

"ಹೂಂ."

"ಹೂಂ ಅಂದ್ರೆ? ಫಸ್ಟ್ ಕ್ಲಾಸೋ, ಗ್ರೇಸ್ ಮಾರ್ಕ್ಸ್ ಕೊಟ್ಟು ದಾಟಿಸಿದ್ದೋ?"

ಲೋಟ ಹಿಡಿದಿದ್ದ ಅವಳ ಕೈ ನಿಂತಿತು.

"ಅವಳು ಹೂಂ ಅಂದ್ರೆ ಅದೇ ಒಂದು ಭಾಷಣ, ಬಿಡಿ," ಅಂದಳು ಅಕ್ಕ. "ನಾಳೆ ಹೊರಡೋದು ಖಂಡಿತಾನಾ? ರೇಡಿಯೋದಲ್ಲಿ ದೊಡ್ಡ ಅಲೆ ಇದೆ ಅಂತಿದ್ರು."

"ದೊಡ್ಡ ಅಲೆ ಇದೆ ಅಂತಲೇ ಹೋಗ್ತಿರೋದು ಕಣೇ. ತಲೆ ಮೇಲೆ ಹೊಸ ಗೋಪುರ ಕೂರಿಸಿದಾರಲ್ಲ, ಅದನ್ನ ಹೊತ್ಕೊಂಡು ಹೇಗೆ ಕುಣಿಯುತ್ತೆ ಅಂತ ನೋಡ್ಬೇಡ್ವಾ?" ಭಾವ ಕೈ ಒರೆಸಿಕೊಂಡರು. "ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ ನಮ್ಮ ಹಡಗು. ಶತ್ರುವಿಗೆ ಕಾಣಲ್ವಂತೆ. ಸರಿ, ಸಮುದ್ರಕ್ಕೆ ಕಾಣುತ್ತಲ್ಲ?"

ಅಕ್ಕ ನಕ್ಕಳು. ಇವಳು ಅರ್ಧ ತಿಂದ ತಟ್ಟೆ ಎತ್ತಿಕೊಂಡು ಎದ್ದಳು.

ಪ್ರಯೋಗಾಲಯದ ಗೋಡೆಯ ತುಂಬ ಬೇರೆ ಬೇರೆ ದೇಶಗಳ ಸ್ಟೆಲ್ತ್ ಹಡಗುಗಳ ಚಿತ್ರಗಳಿದ್ದವು. ರಾಡಾರಿನ ಕಣ್ಣು ತಪ್ಪಿಸಿ ಓಡಾಡಲೆಂದೇ ಕಟ್ಟಿದ ಹಡಗುಗಳು. ಕೆಲವರು ನೀರಿನ ಮೇಲಿನ ಕೋಣೆಗಳ ಗೋಡೆಗಳನ್ನಷ್ಟೇ ಓರೆ ಮಾಡಿದ್ದರು. ಕೆಲವರು ತೋಪು, ಲಂಗರು, ದೋಣಿ ಎಲ್ಲವನ್ನೂ ಮುಚ್ಚಳದ ಹಿಂದೆ ಬಚ್ಚಿಟ್ಟಿದ್ದರು. ಇಡೀ ಒಡಲನ್ನೇ ಒಳಕ್ಕೆ ಬಾಗಿಸುವ ಧೈರ್ಯ ಮಾಡಿದವರು ತೀರ ಕಡಿಮೆ. ಆ ಚಿತ್ರಗಳ ಕೊನೆಯಲ್ಲಿ ತಮ್ಮ ಹಡಗಿನ ಚಿತ್ರವನ್ನು ಅಂಟಿಸಿದ್ದವರು ಮುಖ್ಯ ವಿನ್ಯಾಸಕರು. ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ದೊಡ್ಡವರು ಎಂದೇ ಕರೆಯುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಅವಳಿಗೆ ಅಡುಗೆಮನೆಯ ಭಾಷೆಯಲ್ಲೇ ಪಾಠ ಹೇಳಿದ್ದರು. ಸಾಮಾನ್ಯ ಹಡಗು ಬೋಗುಣಿಯ ಹಾಗೆ, ಮೇಲಕ್ಕೆ ಹೋದಂತೆ ಅಗಲ. ಒಂದು ಪಕ್ಕಕ್ಕೆ ವಾಲಿದರೆ ಆ ಅಗಲವೇ ನೀರಿಗಿಳಿದು, ಸಾಕು, ಏಳು ಎಂದು ಎತ್ತಿ ನಿಲ್ಲಿಸುತ್ತದೆ. ನಮ್ಮದು ಬೋರಲು ಹಾಕಿದ ಬೋಗುಣಿ. ರಾಡಾರಿನ ಅಲೆ ಬಂದು ತಾಗಿದರೆ ಬಂದ ದಾರಿಗೆ ಮರಳದೆ ಆಕಾಶಕ್ಕೆ ಜಾರಿಹೋಗುತ್ತದೆ. ನೋಡುವವನಿಗೆ ಇಷ್ಟು ದೊಡ್ಡ ಯುದ್ಧನೌಕೆ ಮೀನಿನ ದೋಣಿಯಷ್ಟೇ ಕಾಣುತ್ತದೆ. "ವಾಲಿದ್ರೆ ಸಾರ್?" ಎಂದು ಅವಳು ಆಗ ಪಿಸುದನಿಯಲ್ಲಿ ಕೇಳಿದ್ದಳು. ದೊಡ್ಡವರು ಖುಷಿಪಟ್ಟಿದ್ದರು. "ನೋಡಿ, ಮಾತಾಡದ ಹುಡುಗಿ ಬಾಯಿ ಬಿಟ್ರೆ ನೇರ ಮರ್ಮಕ್ಕೇ ಕೈ ಹಾಕ್ತಾಳೆ! ವಾಲಿದ್ರೆ ಎತ್ತಿ ಹಿಡಿಯೋ ಭುಜ ಇದಕ್ಕಿಲ್ಲಮ್ಮ. ಅದಕ್ಕೇ ನಾವು ಇಷ್ಟು ಸಲ ಓಡಿಸಿ ನೋಡೋದು."

ಅವತ್ತು ಹಾಗೆ ಓಡಿಸಿ ನೋಡುತ್ತಿದ್ದಾಗಲೇ ಆದದ್ದು.

ಹೊಸ ಗೋಪುರ ಏರಿದ ಮೇಲೆ ಹಡಗಿನ ತಲೆಭಾರ ಹೆಚ್ಚಿತ್ತು. ಮಾದರಿಗೂ ಅಷ್ಟೇ ತೂಕ ಕಟ್ಟಿ, ಬೇರೆ ಬೇರೆ ಅಲೆಗಳಲ್ಲಿ ಓಡಿಸಿ, ಎಲ್ಲದರಲ್ಲೂ ಸೈ ಅನ್ನಿಸಿಕೊಂಡಾಗಿತ್ತು. ಉಳಿದದ್ದು ಒಂದೇ ಓಟ: ಹಿಂದಿನಿಂದ ಓರೆಯಾಗಿ ಬಂದು ಹಡಗನ್ನು ಬೆನ್ನಟ್ಟುವ ದೊಡ್ಡ ಅಲೆ. ಮಾದರಿ ತನ್ನ ಪುಟ್ಟ ಎಂಜಿನ್ನಿನಿಂದ ತಾನೇ ಓಡುತ್ತದೆ. ತೊಟ್ಟಿಯ ಮೇಲೆ ಹಳಿಗಳ ಗಾಡಿಯೊಂದು ಅದರ ಜೊತೆಗೇ ಸಾಗುತ್ತದೆ. ಆ ಗಾಡಿಯಲ್ಲಿ ನಿಂತು ಒಬ್ಬರು ಮಾದರಿಗೆ ಕಟ್ಟಿದ ತೆಳು ಹಗ್ಗವನ್ನು ಸಡಿಲವಾಗಿ ಹಿಡಿದಿರಬೇಕು. ಮಗುಚಿ ಮುಳುಗುವ ಹಾಗಾದರೆ ಎಳೆದು ಉಳಿಸಿಕೊಳ್ಳಲು. ಯಾವಾಗಲೂ ಹಗ್ಗ ಹಿಡಿಯುವವರಿಗೆ ಅವತ್ತು ಬೆನ್ನು ಹಿಡಿದುಕೊಂಡಿತ್ತು. ಒಂದು ಕೈ ಬೇಕು ಎಂದು ಇವಳನ್ನು ಗಾಡಿ ಹತ್ತಿಸಿದರು.

"ಹಗ್ಗಕ್ಕೆ ಜೀವ ಬರಬಾರ್ದು," ಎಂದಿದ್ದರು ಗಾಡಿ ಓಡಿಸುವವರು. "ಜೀವ ಬಂತೋ, ಆ ಓಟ ಸತ್ತ ಹಾಗೆ. ಬಿಗಿಯಾಯ್ತು ಅಂದ ತಕ್ಷಣ 'ಹಗ್ಗ' ಅಂತ ಗಟ್ಟಿಯಾಗಿ ಕೂಗಿ. ಲೆಕ್ಕದಿಂದ ತೆಗೆದುಹಾಕಿ ಮತ್ತೆ ಓಡಿಸ್ತೀವಿ. ನಾಚ್ಕೋಬೇಡಿ ಮತ್ತೆ."

ಅಲೆ ಬಂತು. ಮಾದರಿಯ ಹಿಂಭಾಗ ಮೇಲೆದ್ದು, ಮೂತಿ ತಗ್ಗಿ, ಇಡೀ ಹಡಗು ಮಗ್ಗುಲು ಬದಲಿಸುವ ಮನುಷ್ಯನಂತೆ ಒಂದು ಪಕ್ಕಕ್ಕೆ ಹೊರಳಿತು. ಹೊರಳಿದ್ದು ಅಲ್ಲೇ ನಿಂತಿತು. ಏಳಲೂ ಇಲ್ಲ, ಮುಳುಗಲೂ ಇಲ್ಲ, ಏನೋ ಯೋಚಿಸುತ್ತಿರುವ ಹಾಗೆ. ಅವಳ ಕೈ ಅವಳನ್ನು ಕೇಳಲೇ ಇಲ್ಲ. ಬೀಳುವ ಮಗುವಿನ ತೋಳನ್ನು ಹಿಡಿಯುವ ಹಾಗೆ ಹಗ್ಗವನ್ನು ಸೆಳೆದುಬಿಟ್ಟಿತು. ಅಂಗೈ ಉರಿಯಿತು. ಮಾದರಿ ಎದ್ದು ಮುಂದೆ ಓಡಿತು.

"ಎದ್ದಿತು! ನೋಡಿದ್ರೇನ್ರೀ, ಎದ್ದಿತು!" ದೊಡ್ಡವರು ದಡದಲ್ಲಿ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಬೋರಲು ಬೋಗುಣಿ ಎಂದು ಎಷ್ಟೋ ವರ್ಷ ಹಾಸ್ಯಕ್ಕೆ ಗುರಿಯಾದ ಮನುಷ್ಯ. ಅವರ ಕಣ್ಣು ಒದ್ದೆಯಾಗಿತ್ತು. ಗಾಡಿಯವರು ಮುಂದಿನ ಹಳಿಯನ್ನು ನೋಡುತ್ತಿದ್ದರು. ಕ್ಯಾಮೆರಾದಲ್ಲಿ ನೀರಿನ ಎರಚಲಿಗೆ ಹಗ್ಗ ಕಾಣಿಸಿರಲಿಲ್ಲ. ಅವಳು ಬಾಯಿ ತೆರೆದಳು. ಅಲ್ಲಿದ್ದವರೆಲ್ಲ ನಗುತ್ತಿದ್ದರು. ಅವಳು ಬಾಯಿ ಮುಚ್ಚಿದಳು.

ಕೂಗಲು ಬೇಕಿದ್ದದ್ದು ಒಂದೇ ಉಸಿರು. ಅದು ದಾಟಿದ್ದೇ ತಡ, ಹೇಳದೆ ಉಳಿದ ಮಾತು ಬಚ್ಚಿಟ್ಟ ಮಾತಾಯಿತು. ಮಾದರಿಯನ್ನು ತೊಟ್ಟಿಯಿಂದ ಎತ್ತಿದರು. ಒಪ್ಪಿಗೆ ನೌಕಾಪಡೆಗೆ ಹೋಯಿತು. ಮರುದಿನ ಅವಳು ದೊಡ್ಡವರ ಕೋಣೆಯ ಬಾಗಿಲಲ್ಲಿ ನಿಂತು, "ಸಾರ್, ಆ ಕೊನೇ ಓಟ..." ಅಂದಿದ್ದಳು. "ಅದ್ಭುತ ಅಲ್ವೇನಮ್ಮ? ನಂಗೂ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ!" ಎಂದು ಅವರೇ ಮಾತು ಮುಗಿಸಿಬಿಟ್ಟಿದ್ದರು.

ತಾನಾಗಿಯೇ ಏಳುತ್ತಿತ್ತೋ ಏನೋ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎದ್ದೇ ಏಳುತ್ತಿತ್ತು. ಹೀಗೆ ತನ್ನನ್ನು ತಾನು ಸಮಾಧಾನ ಮಾಡಿಕೊಂಡಾಗಲೆಲ್ಲ ಅದು ವಾಲಿ ನಿಂತ ಆ ಭಂಗಿ ಕಣ್ಣ ಮುಂದೆ ಬರುತ್ತಿತ್ತು.

ಹೊರಡುವ ಮುನ್ನಾದಿನವಾದ ಇವತ್ತು ಪ್ರಯೋಗಾಲಯದವರನ್ನು ಹಡಗು ನೋಡಲು ಕರೆದಿದ್ದರು. ಹಡಗು ಕಟ್ಟಿ ನಿಲ್ಲಿಸುವ ಧಕ್ಕೆಯಲ್ಲಿ ನಿಂತು ತಲೆಯೆತ್ತಿದಾಗ ಅವಳಿಗೆ ಗುರುತೇ ಹತ್ತಲಿಲ್ಲ. ತೊಟ್ಟಿಯಲ್ಲಿ ತಬ್ಬಿ ಎತ್ತಿಕೊಳ್ಳಬೇಕು ಅನ್ನಿಸುತ್ತಿದ್ದ ವಸ್ತು ಇಲ್ಲಿ ಬೂದು ಬಣ್ಣದ ಬೆಟ್ಟವಾಗಿತ್ತು. ಕಿಟಕಿಯಿಲ್ಲ, ಉಬ್ಬಿಲ್ಲ, ತಗ್ಗಿಲ್ಲ. ಎಲ್ಲ ಗೋಡೆಗಳೂ ನೋಡುವವರಿಂದ ಹಿಂದಕ್ಕೆ ಸರಿಯುತ್ತಿರುವ ಹಾಗೆ ಓರೆಯಾಗಿದ್ದವು. ನೋಡುತ್ತ ನಿಂತರೆ ನಾವೇ ಅದರ ಮೇಲೆ ಬೀಳುತ್ತಿದ್ದೇವೆ ಅನ್ನಿಸುತ್ತಿತ್ತು.

"ಬಾ ಬಾ, ನಮ್ಮ ಅರಮನೆ ತೋರಿಸ್ತೀನಿ," ಎಂದು ಭಾವ ಅವಳನ್ನು ಕೆಳಗೆ ಕರೆದುಕೊಂಡು ಹೋದರು. ಕಬ್ಬಿಣದ ಏಣಿ ಇಳಿದು, ಓಣಿ ದಾಟಿ, ಮತ್ತೆ ಏಣಿ ಇಳಿದು. ಎಣ್ಣೆಯ ವಾಸನೆ, ಬೆಚ್ಚನೆಯ ಗಾಳಿ. ಕೊನೆಗೆ ಎಂಜಿನ್ ಕೋಣೆ. ಒಂದು ಕೊಳವೆಯ ಪಕ್ಕ ಭಾವನ ಸ್ಟೂಲು, ಅದರ ಮೇಲೆ ಅಕ್ಕ ಹೊಲಿದುಕೊಟ್ಟ ಹೂವಿನ ಚಿತ್ರದ ಮೆತ್ತೆ.

"ನೋಡು, ಸಿಂಹಾಸನ. ನಿಮ್ಮಕ್ಕ ಕೂರೋಕಾದ್ರೂ ಮೆತ್ತಗಿರ್ಲಿ ಅಂತ ಕೊಟ್ಳು. ಇಲ್ಲಿ ಕೆಲಸ ಮಾಡೋರೆಲ್ಲ ಹೊಟ್ಟೆ ಉರ್ಕೊಳ್ತಾರೆ."

"ಮೇಲೆ ಹೋಗೋಕೆ ಅದೊಂದೇ ಬಾಗಿಲಾ ಭಾವ?"

"ಎರಡಿದೆ. ಈ ಕಡೆ ವಾಲಿದ್ರೆ ಆ ಕಡೇದು, ಆ ಕಡೆ ವಾಲಿದ್ರೆ ಈ ಕಡೇದು. ರಾಜಮರ್ಯಾದೆ."

"ಮಗುಚಿದ್ರೆ?"

ಭಾವ ನಗಲು ಶುರುಮಾಡಿ, ಅವಳ ಮುಖ ನೋಡಿ ನಿಲ್ಲಿಸಿದರು.

"ಮಗುಚಿದ್ರೆ ಬಾಗಿಲು ಎಲ್ಲಿದ್ರೇನು?" ಅಂದರು. ಆಮೇಲೆ ದನಿ ತಗ್ಗಿಸಿ, "ಯಾಕಮ್ಮ ಹಾಗೆ ಕೇಳ್ದೆ?"

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಅವಳು ನಿಂತಳು. ನುಂಗುವಂತಿಲ್ಲ, ಉಗುಳುವಂತಿಲ್ಲ. ಭಾವ ಕಾಯುತ್ತಿದ್ದರು. ಈ ಮನುಷ್ಯ ಮುಂದಿನ ತಮಾಷೆ ಹುಡುಕದೆ ಸುಮ್ಮನೆ ನಿಂತದ್ದನ್ನು ಅವಳು ಇದುವರೆಗೆ ನೋಡಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಯಾರೋ ಕೂಗಿದರು. ಪ್ರಯೋಗಾಲಯದವರೆಲ್ಲ ಮೇಲೆ ಸೇರಬೇಕಂತೆ, ಕ್ಯಾಪ್ಟನ್ ಬಂದಿದ್ದಾರಂತೆ.

"ಏನೂ ಇಲ್ಲ," ಅಂದಳು ಅವಳು.

"ಏನೂ ಇಲ್ದೆ ಇಷ್ಟು ಬೆಳ್ಳಗಾಗ್ತಾರಾ? ಸಂಜೆ ಮನೇಲಿ ಮಾತಾಡೋಣ. ಈಗ ಹೋಗು, ಏಣೀಲಿ ಹುಷಾರು."

ಹಡಗಿನ ತೆರೆದ ಡೆಕ್ಕಿನ ಮೇಲೆ ಗಾಳಿ ಜೋರಾಗಿತ್ತು. ಬಂದರಿನ ಗೋಡೆಯಾಚೆ ಸಮುದ್ರ ಬೆಳ್ಳಗೆ ಮುರಿಯುತ್ತಿತ್ತು. ಬೇರೆ ಹಡಗುಗಳಲ್ಲಿ ಅಂಚಿಗೆ ಕಂಬಿಯಾದರೂ ಇರುತ್ತದೆ. ಇಲ್ಲಿ ರಾಡಾರಿಗೆ ಸಿಕ್ಕುತ್ತದೆಂದು ಅದನ್ನೂ ಮಡಚಿ ಒಳಗಿಟ್ಟಿದ್ದರು. ಕೈಗೆ ಆಧಾರವೆಂದು ಹಿಡಿಯಲು ಏನೂ ಇರಲಿಲ್ಲ. ಅವಳು ದೊಡ್ಡವರ ಹಿಂದೆ, ಅವರ ಕೋಟಿನ ಮರೆಯಲ್ಲಿ ನಿಂತಳು.

ಕ್ಯಾಪ್ಟನ್ ಎತ್ತರದ ಮನುಷ್ಯ, ಮೆಲುಮಾತಿನವರು. "ಒಂದು ಮಾತು ಹೇಳ್ಬೇಕು," ಅಂದರು. "ಈ ಹಡಗು ಹಿಂದಿನ ಅಲೆಗೆ ಹೆದರುತ್ತೆ ಅಂತ ಎಲ್ಲರೂ ಹೇಳ್ತಿದ್ರು. ನನಗೂ ಒಳಗೊಳಗೇ ಅಳುಕಿತ್ತು. ನಿಮ್ಮ ಕೊನೇ ಓಟದ ವಿಡಿಯೋ ನೋಡಿದ ಮೇಲೆ ಧೈರ್ಯ ಬಂತು. ನಾಳೆ ಅಲೆ ಹಿಂದಿನಿಂದ ಬಂದ್ರೂ ನಾನು ದಾರಿ ಬದಲಿಸಲ್ಲ."

ದೊಡ್ಡವರ ಕಿವಿ ಕೆಂಪಗಾಯಿತು. ಹೊಗಳಿಕೆ ತಡೆದುಕೊಳ್ಳಲಾರದೆ ಅವರು ಹಿಂದಕ್ಕೆ ತಿರುಗಿ ಅವಳ ಭುಜ ಹಿಡಿದು ಮುಂದಕ್ಕೆ ತಂದರು. "ಎಲ್ಲಾ ಇಂಥ ಮಕ್ಕಳ ಕೆಲಸ. ಅವತ್ತು ಗಾಡಿ ಮೇಲಿದ್ದಿದ್ದು ಇವಳೇ. ನಾವೆಲ್ಲ ದಡದಿಂದ ನೋಡಿದ್ದು, ಇವಳು ಹತ್ತಿರದಿಂದ ನೋಡಿದಾಳೆ. ಮಾತು ಮಾತ್ರ ಸ್ವಲ್ಪ ದುಬಾರಿ."

ಎಲ್ಲರೂ ನಕ್ಕರು. ಕ್ಯಾಪ್ಟನ್ ಅವಳ ಎತ್ತರಕ್ಕೆ ಸ್ವಲ್ಪ ಬಾಗಿದರು. "ಹೌದಾ? ಹಾಗಾದ್ರೆ ನಿಮ್ಮನ್ನೇ ಕೇಳ್ಬೇಕು. ಆ ಗಳಿಗೇಲಿ ಹೇಗಿತ್ತು? ಪಟ್ಟನೆ ಎದ್ದಿತಾ, ನಿಧಾನವಾಗಾ?"

ಅವರ ಪ್ರಶ್ನೆಯಲ್ಲಿ ಅನುಮಾನವಿರಲಿಲ್ಲ, ಮರ್ಯಾದೆ ಮಾತ್ರ ಇತ್ತು. ಪಟ್ಟನೆ ಎಂದರೂ ಸಾಕಿತ್ತು, ನಿಧಾನವಾಗಿ ಎಂದರೂ ಸಾಕಿತ್ತು. ಭುಜದ ಮೇಲೆ ದೊಡ್ಡವರ ಕೈ ಬೆಚ್ಚಗಿತ್ತು. ಇನ್ನೊಂದು ಮಾತಾಡಿದರೆ ಆ ಕೈ ಅಲ್ಲಿರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ಮುಖ ಹೇಗಾಗುತ್ತದೆ ಎಂಬುದೂ ಗೊತ್ತಿತ್ತು. ಕಾಲಡಿಯಲ್ಲಿ, ಎಷ್ಟೋ ಏಣಿಗಳ ಕೆಳಗೆ, ಎಂಜಿನ್ ಶುರುವಾದ ಸಣ್ಣ ನಡುಕ ಅಂಗಾಲಿಗೆ ತಾಗಿತು. ಭಾವನ ಪಾಳಿ.

ಅವಳು ಏನೋ ಅಂದಳು. ಗಾಳಿ ಅದನ್ನು ಎತ್ತಿಕೊಂಡು ಹೋಯಿತು.

"ಏನಂದ್ರಿ? ಕೇಳಿಸ್ಲಿಲ್ಲ," ಎಂದು ಕ್ಯಾಪ್ಟನ್ ಇನ್ನಷ್ಟು ಬಾಗಿ ಕಿವಿಗೆ ಕೈ ಅಡ್ಡ ಹಿಡಿದರು.

ಅವಳು ಉಸಿರೆಳೆದುಕೊಂಡಳು. ಅಷ್ಟು ಗಟ್ಟಿಯಾದ ದನಿ ತನ್ನದೆಂದು ಅವಳಿಗೇ ನಂಬಿಕೆಯಾಗಲಿಲ್ಲ. ಧಕ್ಕೆಯ ಮೇಲಿದ್ದವರೂ ತಲೆಯೆತ್ತಿ ನೋಡಿದರು.

"ಅದು ತಾನಾಗಿ ಏಳಲಿಲ್ಲ ಸಾರ್. ನಾನು ಎಳೆದೆ."